ಕತ್ತರಿಯಿಲ್ಲದೆ ಎದೆಯೊಳಗೆ: ಶ್ವಾಸಕೋಶ ಚಿಕಿತ್ಸೆಯ ಒಂದು ಚರಿತ್ರೆ



ಉರ್ದು ಮತ್ತು ಕನ್ನಡ ಎರಡರಲ್ಲೂ ಬಳಕೆಯಲ್ಲಿರುವ ಒಂದು ಪುಟ್ಟ ಪದ 'ದಮ್'. ಪಾರಸಿಯಿಂದ ಉರ್ದುವಿಗೆ ಬಂದ ಈ ಪದದ ಅರ್ಥ ಉಸಿರು. ಉಸಿರು ಕಟ್ಟುವ ಕಾಯಿಲೆಗೆ ಉರ್ದುವಿನಲ್ಲಿ 'ದಮಾ' ಎನ್ನುತ್ತಾರೆ, ಕನ್ನಡದಲ್ಲಿ ಅದೇ 'ದಮ್ಮು' ಆಯಿತು. 'ದಮ್ಮಿದ್ದರೆ ಬಾ' ಎಂದರೆ ಧೈರ್ಯ. 'ಬೀಡಿಯ ದಮ್ಮು ಎಳೆದ' ಎಂದರೆ ಹೊಗೆ. ಉಸಿರು, ರೋಗ, ಧೈರ್ಯ, ಹೊಗೆ ಈ ನಾಲ್ಕೂ ಒಂದೇ ಪದದಲ್ಲಿ ಅಡಗಿವೆ. ನಾನು ಇಲ್ಲಿ ನಿಮ್ಮ ಮುಂದಿಡಲಿರುವ ಚರಿತ್ರೆಯಲ್ಲಿಯೂ ಈ ನಾಲ್ಕೂ ಬರುತ್ತವೆ. ತೀವ್ರ ಶ್ವಾಸಕೋಶ ರೋಗಿಯ ಎದೆಯನ್ನು ಸೀಳದೆ, ಬಾಯಿಯ ಮೂಲಕ ಒಂದು ಕೊಳವೆಯನ್ನು ಇಳಿಸಿ ಚಿಕಿತ್ಸೆ ನೀಡುವ ವಿದ್ಯೆ ಹೇಗೆ ಬೆಳೆದು ಬಂತು ಎಂಬುದೇ ಈ ಚರಿತ್ರೆ.

ರೋಗದ ಗುಟ್ಟು

ಮೊದಲು ರೋಗವನ್ನು ತಿಳಿದುಕೊಳ್ಳೋಣ. ವೈದ್ಯರು ಸಿಒಪಿಡಿ ಎಂದು ಕರೆಯುವ ದೀರ್ಘಕಾಲದ ಶ್ವಾಸಕೋಶ ರೋಗದ ಒಂದು ಮುಖ್ಯ ರೂಪ ಎಂಫಿಸೀಮಾ. ನಮ್ಮ ಶ್ವಾಸಕೋಶಗಳಲ್ಲಿ ಮೂವತ್ತು ಕೋಟಿಗೂ ಹೆಚ್ಚು ಸೂಕ್ಷ್ಮ ಗಾಳಿಗೂಡುಗಳಿವೆ. ಅವುಗಳ ತೆಳುವಾದ ಗೋಡೆಗಳ ಮೂಲಕವೇ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಈ ಗೋಡೆಗಳು ನಾಶವಾಗಿ, ಚಿಕ್ಕ ಗೂಡುಗಳು ಒಂದಾಗಿ ದೊಡ್ಡ ಸಡಿಲ ಚೀಲಗಳಾಗುತ್ತವೆ. ಹಳೆಯ ರಬ್ಬರು ಪಟ್ಟಿಯಂತೆ ಅವು ಹಿಗ್ಗುತ್ತವೆಯೇ ಹೊರತು ಕುಗ್ಗುವುದಿಲ್ಲ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ರೋಗಿಗೆ ಗಾಳಿ ಸಾಲದೆನಿಸುತ್ತದೆ. ಆದರೆ ಅವನ ಎದೆಯೊಳಗೆ ಗಾಳಿ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ. ಸಿಕ್ಕಿಬಿದ್ದ ಹಳೆಯ ಗಾಳಿ ಜಾಗವನ್ನೆಲ್ಲ ಆಕ್ರಮಿಸಿ, ಇನ್ನೂ ಚೆನ್ನಾಗಿರುವ ಭಾಗವನ್ನು ಅದುಮುತ್ತದೆ. ಉಸಿರಾಟಕ್ಕೆ ಆಧಾರವಾದ ವಪೆಯನ್ನು ಕೆಳಕ್ಕೆ ಒತ್ತಿ ಚಪ್ಪಟೆ ಮಾಡುತ್ತದೆ. ಆದ್ದರಿಂದ ತೀವ್ರ ರೋಗಿಗೆ ಬೇಕಾದದ್ದು ಸಿಕ್ಕಿಬಿದ್ದ ಗಾಳಿಗೆ ಬಿಡುಗಡೆ. ವೈದ್ಯಲೋಕ ಈ ಸತ್ಯವನ್ನು ಕಂಡುಕೊಂಡು, ಅದನ್ನು ಆಚರಣೆಗೆ ತರಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ಗಂಟಲಿನ ದಾರಿ ತೋರಿದವರು

ಉಸಿರಾಟದ ನಾಳಕ್ಕೆ ಕೈ ಹಾಕುವ ಧೈರ್ಯ ಅದಕ್ಕೂ ಬಹಳ ಹಳೆಯದು. ಸ್ಪೇನಿನ ಕೊರ್ಡೋಬಾದಲ್ಲಿ ಬಾಳಿ 1013ರಲ್ಲಿ ತೀರಿಕೊಂಡ ಅಬುಲ್ ಖಾಸಿಂ ಅಲ್ ಝಹ್ರಾವಿಯವರು ಮೂವತ್ತು ಭಾಗಗಳ 'ಕಿತಾಬುತ್ತಸ್ರೀಫ್' ಎಂಬ ಬೃಹತ್ ವೈದ್ಯಗ್ರಂಥವನ್ನು ರಚಿಸಿದರು. ಕತ್ತು ಕೊಯ್ದುಕೊಂಡಿದ್ದ ಒಬ್ಬ ದಾಸಿಯ ಗಾಯವನ್ನು ತಾವು ಹೊಲಿದುದನ್ನೂ, ಧ್ವನಿ ಒಡೆದುದನ್ನು ಬಿಟ್ಟರೆ ಆಕೆ ಚೇತರಿಸಿಕೊಂಡುದನ್ನೂ ಅವರು ಅದರಲ್ಲಿ ದಾಖಲಿಸಿದ್ದಾರೆ. ಗಂಟಲಿನ ನಾಳಕ್ಕೆ ಗಾಯವಾದರೆ ಸಾವೇ ಗತಿ ಎಂಬ ಭಯ ಸರಿಯಲ್ಲವೆಂದು ಅವರು ತಮ್ಮ ಕಣ್ಣಾರೆ ಕಂಡ ಸಂಗತಿಯಿಂದ ತೀರ್ಮಾನಿಸಿದರು. ಅವರ ನಂತರದ ಇಬ್ನ್ ಸೀನಾ (980-1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ, ಉಸಿರುಗಟ್ಟಿದವನ ಗಂಟಲಿನೊಳಗೆ ಬಂಗಾರದ ಅಥವಾ ಬೆಳ್ಳಿಯ ಕೊಳವೆಯನ್ನು ಇಳಿಸುವ ವಿಧಾನವನ್ನು ಹೇಳಿದ್ದಾರೆ.

ಇವರೆಲ್ಲರಿಗಿಂತ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವರು ಸೆವಿಲ್ಲಾದ ಇಬ್ನ್ ಝುಹ್ರ್. 1162ರಲ್ಲಿ ಮರಣ ಹೊಂದಿದ ಇವರು ಶ್ವಾಸನಾಳವನ್ನು ತೆರೆಯುವ ಶಸ್ತ್ರಕ್ರಿಯೆಯನ್ನು ಮೊದಲು ಒಂದು ಆಡಿನ ಮೇಲೆ ಮಾಡಿ ನೋಡಿದರು. ಗಾಯ ಮಾಯುವವರೆಗೆ ಅದನ್ನು ಆರೈಕೆ ಮಾಡಿ, ಗುಣವಾಯಿತೆಂದು ಖಚಿತಪಡಿಸಿಕೊಂಡರು. ಹಿರಿಯರು ಬರೆದಿದ್ದಾರೆ ಎಂದು ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ತಮಗೆ ಹೊಳೆಯಿತೆಂದು ನೇರವಾಗಿ ಮನುಷ್ಯನ ಮೇಲೆ ಪ್ರಯೋಗಿಸಲೂ ಇಲ್ಲ. 'ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ' ಎಂಬ ಈ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಚರಿತ್ರೆಯನ್ನು ಅಳೆಯಲು ಇದೇ ನಮ್ಮ ಒರೆಗಲ್ಲು.

ಎದೆಯ ಮಾತಿಗೆ ಕಿವಿಗೊಟ್ಟವರು

ಎಂಫಿಸೀಮಾ ರೋಗವನ್ನು ಸ್ಪಷ್ಟವಾಗಿ ವರ್ಣಿಸಿದ ಕೀರ್ತಿ ಫ್ರಾನ್ಸಿನ ರೆನೆ ಲೆನೆಕ್ ಅವರಿಗೆ ಸಲ್ಲುತ್ತದೆ. ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯ ಈ ವೈದ್ಯರು 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಯ ಶಬ್ದವನ್ನು ಆಲಿಸಿದರು. ಅದೇ ಸ್ಟೆತಾಸ್ಕೋಪಿನ ಆರಂಭ. 1819ರಲ್ಲಿ ಪ್ರಕಟವಾದ ಅವರ ಗ್ರಂಥ ಎದೆಯ ರೋಗಗಳಿಗೆ ಹೊಸ ಬೆಳಕು ನೀಡಿತು. ಸತ್ತವರ ಎದೆಯನ್ನು ತೆರೆದಾಗ ಸಾಮಾನ್ಯ ಶ್ವಾಸಕೋಶ ಕುಗ್ಗುತ್ತದೆ. ಆದರೆ ಎಂಫಿಸೀಮಾ ಇದ್ದವರದು ಕುಗ್ಗದೆ, ಗಾಳಿ ತುಂಬಿಕೊಂಡು ಉಬ್ಬಿಯೇ ಇರುವುದನ್ನು ಅವರು ಕಂಡರು. ಗಾಳಿ ಸಿಕ್ಕಿಬಿದ್ದಿದೆ ಎಂಬ ಗುಟ್ಟು ಹೀಗೆ ಹೊರಬಿತ್ತು.

ಕಂಡರೆ ಸಾಲದು, ಅಳೆಯಲೂ ಬೇಕು. ಆ ಕೆಲಸವನ್ನು ಇಂಗ್ಲೆಂಡಿನ ಜಾನ್ ಹಚಿನ್ಸನ್ ಮಾಡಿದರು. 1846ರಲ್ಲಿ ಅವರು ತಮ್ಮ ಸ್ಪೈರೋಮೀಟರ್ ಯಂತ್ರವನ್ನೂ, ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರಿನ ಅಳತೆಗಳನ್ನೂ ಪ್ರಕಟಿಸಿದರು. ಇಂದು ಆಸ್ಪತ್ರೆಯಲ್ಲಿ 'ಜೋರಾಗಿ ಊದಿ' ಎಂದು ಹೇಳಿ ಮಾಡುವ ಪರೀಕ್ಷೆ ಅದರ ಸಂತತಿಯೇ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬ ಅಂಕಿಯೇ ಮುಂದೆ ಎಲ್ಲ ಚಿಕಿತ್ಸೆಗಳ ಸೋಲು ಗೆಲುವನ್ನು ನಿರ್ಧರಿಸುವ ಮುಖ್ಯ ಅಳತೆಯಾಯಿತು.

ನಾಳದೊಳಗೆ ಇಳಿದ ಬೆಳಕು

ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ 1897ರಲ್ಲಿ ಒಬ್ಬ ರೈತನ ಶ್ವಾಸನಾಳದಲ್ಲಿ ಮೂಳೆಯ ಚೂರೊಂದು ಸಿಕ್ಕಿಕೊಂಡಿತ್ತು. ಗುಸ್ತಾವ್ ಕಿಲ್ಲಿಯಾನ್ ಎಂಬ ವೈದ್ಯರು ಅವನ ಬಾಯಿಯ ಮೂಲಕ ನೇರವಾದ ಲೋಹದ ಕೊಳವೆಯನ್ನು ಇಳಿಸಿ, ಎದೆಯನ್ನು ಕೊಯ್ಯದೆಯೇ ಅದನ್ನು ಹೊರತೆಗೆದರು. ಬ್ರಾಂಕೋಸ್ಕೋಪಿ ಎಂಬ ವಿದ್ಯೆ ಅಲ್ಲಿಂದ ಆರಂಭವಾಯಿತು. ಅಮೆರಿಕದ ಫಿಲಡೆಲ್ಫಿಯಾದ ಚೆವಲಿಯರ್ ಜಾಕ್ಸನ್ ಈ ವಿದ್ಯೆಯನ್ನು ಬೆಳೆಸಿ, ಜನರ ಗಂಟಲು ಮತ್ತು ಶ್ವಾಸನಾಳಗಳಿಂದ ಗುಂಡುಸೂಜಿ, ಗುಂಡಿ, ಆಟಿಕೆ ಮುಂತಾದ ಎರಡು ಸಾವಿರಕ್ಕೂ ಮಿಕ್ಕಿದ ವಸ್ತುಗಳನ್ನು ತೆಗೆದರು. ಅವು ಆ ನಗರದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ.

ಆದರೆ ಲೋಹದ ನೇರ ಕೊಳವೆ ಬಾಗುವುದಿಲ್ಲ. ಶ್ವಾಸನಾಳವಾದರೋ ಮರದ ಕೊಂಬೆಗಳಂತೆ ಕವಲೊಡೆಯುತ್ತದೆ. ಬಾಗುವ ಕೊಳವೆಯ ಮೂಲಕ ನೋಡಬೇಕಾದರೆ ಬೆಳಕನ್ನೇ ಬಾಗಿಸಬೇಕು. ಈ ಕೆಲಸದಲ್ಲಿ ನಮ್ಮ ದೇಶದವರೊಬ್ಬರ ಪಾತ್ರವಿದೆ ಎಂಬುದು ಹೆಮ್ಮೆಯ ಸಂಗತಿ. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಸಂಶೋಧನೆ ನಡೆಸಿದರು. ಕೂದಲಿನಂತಹ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಇಬ್ಬರೂ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಈ ತತ್ತ್ವವನ್ನು ಆಧರಿಸಿ ಜಪಾನಿನ ಶಿಗೆತೊ ಇಕೇದಾ ಬಾಗುವ ಬ್ರಾಂಕೋಸ್ಕೋಪನ್ನು ರೂಪಿಸಿ, 1966ರಲ್ಲಿ ಕೋಪನ್‌ಹೇಗನ್ನಿನ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಶ್ವಾಸಕೋಶದ ಒಳಕವಲುಗಳವರೆಗೆ ಕಣ್ಣೂ ಕೈಯೂ ತಲುಪುವಂತಾಯಿತು. ಆದರೆ ಅಲ್ಲಿಗೆ ತಲುಪಿ ಎಂಫಿಸೀಮಾಕ್ಕೆ ಮಾಡಬೇಕಾದದ್ದೇನು? ಅದಕ್ಕೆ ಉತ್ತರ ಶಸ್ತ್ರವೈದ್ಯರ ಕಡೆಯಿಂದ ಬರಬೇಕಾಗಿತ್ತು.

ಕತ್ತರಿಸುವ ಸಾಹಸ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಉಬ್ಬಿದ ಶ್ವಾಸಕೋಶಕ್ಕೆ ಇನ್ನಷ್ಟು ಜಾಗ ಮಾಡಿಕೊಡಬೇಕೆಂದು ಪಕ್ಕೆಲುಬುಗಳ ಮೃದ್ವಸ್ಥಿಯನ್ನು ಕತ್ತರಿಸಿದವರಿದ್ದರು. ಎದೆ ಇನ್ನಷ್ಟು ಹಿಗ್ಗಿತು, ರೋಗ ಹಾಗೆಯೇ ಉಳಿಯಿತು. ಈ ಆಲೋಚನೆಯನ್ನು ತಿರುಗಿಸಿ ಹಾಕಿದವರು ಅಮೆರಿಕದ ಬಾಲ್ಟಿಮೋರಿನ ಓಟೋ ಬ್ರಾಂಟಿಗನ್. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರೆ ಉಳಿದ ಭಾಗಕ್ಕೆ ಜಾಗ ಸಿಗುತ್ತದೆ ಎಂದು ಅವರು 1950ರ ದಶಕದಲ್ಲಿ ವಾದಿಸಿ, ಶಸ್ತ್ರಕ್ರಿಯೆಯನ್ನೂ ಮಾಡಿದರು. ಅನೇಕ ರೋಗಿಗಳು ತಮಗೆ ಹಗುರವಾಯಿತೆಂದು ಹೇಳಿದರು. ಆದರೆ ಸುಮಾರು ಆರು ಮಂದಿಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಸುಧಾರಣೆಗೆ ಅಳತೆಯ ಸಾಕ್ಷ್ಯವೂ ಇರಲಿಲ್ಲ. ವೈದ್ಯಲೋಕ ಆ ಶಸ್ತ್ರಕ್ರಿಯೆಯನ್ನು ಕೈಬಿಟ್ಟಿತು.

ಬ್ರಾಂಟಿಗನ್ನರ ವಿಚಾರ ಸರಿಯಾಗಿತ್ತು, ಪುರಾವೆ ಸಾಲದಾಗಿತ್ತು. ನಲವತ್ತು ವರ್ಷಗಳ ನಂತರ ಸೇಂಟ್ ಲೂಯಿಸ್ ನಗರದ ಜೋಯೆಲ್ ಕೂಪರ್ ಅದನ್ನು ಮತ್ತೆ ಕೈಗೆತ್ತಿಕೊಂಡರು. 1983ರಲ್ಲಿ ಟೊರಾಂಟೋದಲ್ಲಿ ಯಶಸ್ವಿಯಾಗಿ ಶ್ವಾಸಕೋಶ ಕಸಿ ಮಾಡಿ ಹೆಸರಾಗಿದ್ದವರು ಇವರು. 1995ರಲ್ಲಿ ಅವರು ಇಪ್ಪತ್ತು ರೋಗಿಗಳ ವರದಿಯನ್ನು ಪ್ರಕಟಿಸಿದಾಗ, ಒಂದು ಸೆಕೆಂಡಿನ ಉಸಿರಿನ ಅಳತೆ ಸರಾಸರಿ ಶೇಕಡಾ 82ರಷ್ಟು ಹೆಚ್ಚಿತ್ತು. ಸುದ್ದಿ ಹರಡಿತು. ಅಮೆರಿಕದ ಆಸ್ಪತ್ರೆಗಳು ಒಂದರ ಹಿಂದೊಂದು ಈ ಶಸ್ತ್ರಕ್ರಿಯೆಯನ್ನು ಆರಂಭಿಸಿದವು. ಆದರೆ ಎಲ್ಲ ಕಡೆ ಫಲ ಒಂದೇ ರೀತಿ ಇರಲಿಲ್ಲ, ಸಾವುಗಳೂ ಸಂಭವಿಸಿದವು. ಆಗ ಅಲ್ಲಿನ ಸರ್ಕಾರದ ವೈದ್ಯಕೀಯ ವಿಮೆ ಹಣ ಕೊಡುವುದನ್ನು ನಿಲ್ಲಿಸಿ, ಮೊದಲು ಪರೀಕ್ಷೆ ನಡೆಯಲಿ ಎಂದು ಪಟ್ಟು ಹಿಡಿಯಿತು.

ಹೀಗೆ ನಡೆದದ್ದೇ 'ನೆಟ್' ಎಂದು ಪ್ರಸಿದ್ಧವಾದ ಮಹಾ ಅಧ್ಯಯನ. 1,218 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಔಷಧಿ ಮಾತ್ರ ಕೊಡಲಾಯಿತು. ಅಧ್ಯಯನ ಇನ್ನೂ ನಡೆಯುತ್ತಿರುವಾಗಲೇ 2001ರಲ್ಲಿ ಒಂದು ಎಚ್ಚರಿಕೆ ಹೊರಬಂತು. ಉಸಿರಿನ ಶಕ್ತಿ ತೀರಾ ಕುಸಿದಿದ್ದ ಒಂದು ವರ್ಗದ ರೋಗಿಗಳಲ್ಲಿ ಶಸ್ತ್ರಕ್ರಿಯೆಯ ನಂತರ 30 ದಿನಗಳೊಳಗೆ ಶೇಕಡಾ 16 ಮಂದಿ ತೀರಿಕೊಂಡಿದ್ದರು. ಅದೇ ಸ್ಥಿತಿಯಲ್ಲಿ ಔಷಧಿ ಪಡೆದವರಲ್ಲಿ ಆ ಅವಧಿಯಲ್ಲಿ ಒಬ್ಬರೂ ಸಾಯಲಿಲ್ಲ. 2003ರ ಅಂತಿಮ ವರದಿಯಂತೆ, ಒಟ್ಟಾರೆ ಆಯುಷ್ಯದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಆದರೆ ರೋಗ ಮೇಲಿನ ಹಾಲೆಗಳಲ್ಲಿ ಹೆಚ್ಚಾಗಿದ್ದು, ನಡೆಯುವ ಶಕ್ತಿ ಕಡಿಮೆಯಿದ್ದವರಿಗೆ ಶಸ್ತ್ರಕ್ರಿಯೆಯಿಂದ ಆಯುಷ್ಯವೂ ಹೆಚ್ಚಿತು. ಒಂದೇ ಶಸ್ತ್ರಕ್ರಿಯೆ ಒಬ್ಬನಿಗೆ ಜೀವದಾನ, ಮತ್ತೊಬ್ಬನಿಗೆ ಮೃತ್ಯು. ಯಾರಿಗೆ ಯಾವುದು ಎಂದು ಹೇಳಿಕೊಟ್ಟದ್ದು ಪರೀಕ್ಷೆಯೇ.

ಒಮ್ಮುಖ ಬಾಗಿಲು

ಇನ್ನು ಎರಡು ದಾರಿಗಳು ಒಂದಾಗುವ ಹೊತ್ತು ಬಂತು. ಕೆಟ್ಟ ಭಾಗವನ್ನು ಕುಗ್ಗಿಸಬೇಕು ಎಂಬುದನ್ನು ಶಸ್ತ್ರವೈದ್ಯರು ತೋರಿಸಿದ್ದರು. ಒಳಗೆ ಇಳಿಯುವ ದಾರಿಯನ್ನು ಬ್ರಾಂಕೋಸ್ಕೋಪ್ ತೋರಿಸಿತ್ತು. ಹಾಗಾದರೆ ಕತ್ತರಿಸದೆಯೇ ಕುಗ್ಗಿಸಬಾರದೇಕೆ?

ಸೈಕಲ್ ಟ್ಯೂಬಿನ ವಾಲ್ವನ್ನು ನೀವು ನೋಡಿದ್ದೀರಿ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಇದಕ್ಕೆ ನೇರ ವಿರುದ್ಧವಾಗಿ ಕೆಲಸ ಮಾಡುವ ಪುಟ್ಟ ವಾಲ್ವನ್ನು ತಜ್ಞರು ರೂಪಿಸಿದರು. ಲೋಹದ ಜಾಲರಿ ಮತ್ತು ಸಿಲಿಕೋನ್‌ನಿಂದ ಮಾಡಿದ ಇದನ್ನು ಬ್ರಾಂಕೋಸ್ಕೋಪಿನ ಮೂಲಕ ಕೆಟ್ಟ ಹಾಲೆಗೆ ಹೋಗುವ ನಾಳಗಳಲ್ಲಿ ಕೂರಿಸುತ್ತಾರೆ. ಉಸಿರು ಬಿಟ್ಟಾಗ ಗಾಳಿ ಹೊರಬರುತ್ತದೆ, ಎಳೆದಾಗ ಒಳಹೋಗುವುದಿಲ್ಲ. ಕ್ರಮೇಣ ಆ ಹಾಲೆ ಕುಗ್ಗಿ, ಪಕ್ಕದ ಒಳ್ಳೆಯ ಭಾಗ ಅರಳುತ್ತದೆ. ಬೇಡವೆನಿಸಿದರೆ ವಾಲ್ವನ್ನು ತೆಗೆಯಲೂಬಹುದು. ಇದನ್ನು ಮನುಷ್ಯರಲ್ಲಿ ಬಳಸಿದ ಆರಂಭದ ವರದಿಗಳು 2003ರಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನಿಂದ ಪ್ರಕಟವಾದವು.

ಆದರೆ 2010ರಲ್ಲಿ ಪ್ರಕಟವಾದ, 321 ರೋಗಿಗಳ 'ವೆಂಟ್' ಅಧ್ಯಯನದ ಫಲ ನಿರಾಶಾದಾಯಕವಾಗಿತ್ತು. ಎರಡು ಗುಂಪುಗಳ ಉಸಿರಿನ ಅಳತೆಯಲ್ಲಿ ಕಂಡ ವ್ಯತ್ಯಾಸ ಶೇಕಡಾ 7ಕ್ಕಿಂತ ಕಡಿಮೆ. ಇಲ್ಲಿಗೇ ಈ ಉಪಾಯ ಮುಗಿಯಿತೆಂದು ಬಿಟ್ಟುಬಿಡಬಹುದಿತ್ತು. ಸಂಶೋಧಕರು ಅಂಕಿಗಳನ್ನು ಮತ್ತೆ ಕೆದಕಿದರು. ಕೆಲವರಿಗೆ ಚೆನ್ನಾಗಿ ಗುಣ ಸಿಕ್ಕಿತ್ತು, ಕೆಲವರಿಗೆ ಏನೂ ಸಿಕ್ಕಿರಲಿಲ್ಲ. ಏಕೆ? ಒಂದು ಕೋಣೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದರೂ ಪಕ್ಕದ ಕೋಣೆಯ ಕಡೆಗೆ ಕಿಟಕಿ ತೆರೆದಿದ್ದರೆ ಗಾಳಿ ನುಗ್ಗುವುದಿಲ್ಲವೇ? ಹಾಗೆಯೇ ಹಾಲೆ ಹಾಲೆಗಳ ನಡುವಿನ ಸೀಳು ಪೂರ್ಣವಾಗಿರದವರಲ್ಲಿ ಗಾಳಿ ಪಕ್ಕದ ಹಾಲೆಯಿಂದ ನುಸುಳಿ ಬರುತ್ತಿತ್ತು. ಸೀಳು ಪೂರ್ಣವಾಗಿದ್ದವರಲ್ಲಿ ವಾಲ್ವು ಕೆಲಸ ಮಾಡಿತ್ತು.

ಮುಂದಿನ ಅಧ್ಯಯನಗಳು ಈ ಪಾಠದಿಂದಲೇ ಹೊರಟವು. ಲಂಡನ್ನಿನಲ್ಲಿ 50 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಬ್ರಾಂಕೋಸ್ಕೋಪ್ ಇಳಿಸಿದರೂ ವಾಲ್ವನ್ನು ಹಾಕಲಿಲ್ಲ. ಹಾಕಿದ್ದಾರೋ ಇಲ್ಲವೋ ಎಂಬುದು ರೋಗಿಗೆ ತಿಳಿದಿರಲಿಲ್ಲ. ನಂಬಿಕೆಯಿಂದ ಆದ ಗುಣ ಯಾವುದು, ವಾಲ್ವಿನಿಂದ ಆದದ್ದು ಯಾವುದು ಎಂದು ಬೇರ್ಪಡಿಸಲು ಇದು ಅಗತ್ಯವಾಗಿತ್ತು. ವಾಲ್ವಿನ ಗುಂಪೇ ಮುಂದಿತ್ತು. ಅದೇ ವರ್ಷ ನೆದರ್ಲೆಂಡ್ಸಿನ ಗ್ರೋನಿಂಗನ್ ನಗರದ ವೈದ್ಯರು, ಪುಟ್ಟ ಬಲೂನಿನಿಂದ ನಾಳವನ್ನು ಮುಚ್ಚಿ ಗಾಳಿ ನುಸುಳುವುದಿಲ್ಲವೆಂದು ಮೊದಲೇ ಪರೀಕ್ಷಿಸಿಕೊಂಡು, 68 ರೋಗಿಗಳ ಅಧ್ಯಯನ ನಡೆಸಿ ವರದಿ ನೀಡಿದರು. ಆರು ನಿಮಿಷಗಳಲ್ಲಿ ನಡೆಯುವ ದೂರದಲ್ಲಿ ವಾಲ್ವು ಪಡೆದವರು ಇತರರಿಗಿಂತ 74 ಮೀಟರ್ ಮುಂದಿದ್ದರು. ನಮಗೆ 74 ಮೀಟರ್ ಲೆಕ್ಕಕ್ಕಿಲ್ಲ. ಮಂಚದಿಂದ ಬಚ್ಚಲಿಗೆ ಹೋಗಲು ಏದುಸಿರು ಬಿಡುವವನಿಗೆ ಅದು ಮನೆಯಿಂದ ಮಸೀದಿಯ ಬಾಗಿಲಿನವರೆಗಿನ ದೂರವಾಗಬಹುದು.

190 ರೋಗಿಗಳ 'ಲಿಬರೇಟ್' ಅಧ್ಯಯನದ ಬಳಿಕ 2018ರ ಜೂನಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಝೆಫಿರ್ ಎಂಬ ಈ ವಾಲ್ವಿಗೆ ಅನುಮತಿ ನೀಡಿತು. ಒಂದು ವರ್ಷದ ನಂತರ ವಾಲ್ವು ಪಡೆದವರಲ್ಲಿ ಸುಮಾರು ಶೇಕಡಾ 48 ಮಂದಿಗೆ, ಪಡೆಯದವರಲ್ಲಿ ಶೇಕಡಾ 17 ಮಂದಿಗೆ ಉಸಿರಿನ ಅಳತೆ ಗಮನಾರ್ಹವಾಗಿ ಸುಧಾರಿಸಿತ್ತು. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಮೊದಲ 45 ದಿನಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುವ ತೊಂದರೆಯಾಯಿತು, ನಾಲ್ವರು ಮರಣ ಹೊಂದಿದರು. ಗಾಯ ಚಿಕ್ಕದೆಂದ ಮಾತ್ರಕ್ಕೆ ಅಪಾಯವೂ ಚಿಕ್ಕದೆಂದು ಭಾವಿಸಬಾರದು.

ಸೋತ ಉಪಾಯಗಳೂ ಗುರುಗಳೇ

ಗೆದ್ದವರ ಕಥೆಯನ್ನಷ್ಟೇ ಹೇಳುವುದು ಚರಿತ್ರೆಯಲ್ಲ. ಶ್ವಾಸನಾಳದ ಗೋಡೆಯಲ್ಲಿ ರಂಧ್ರ ಮಾಡಿ, ಸ್ಟೆಂಟ್ ಇಟ್ಟು, ಸಿಕ್ಕಿಬಿದ್ದ ಗಾಳಿಗೆ ಹೊಸ ದಾರಿ ಮಾಡುವ ಉಪಾಯವೊಂದಿತ್ತು. 315 ರೋಗಿಗಳ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊದಲ ದಿನ ಗಾಳಿ ಹೊರಬಂದು ಆಶೆ ಮೂಡಿತು. ಆರು ತಿಂಗಳಲ್ಲಿ ಆ ಲಾಭ ಉಳಿಯಲಿಲ್ಲ. ಉಪಾಯವನ್ನು ಕೈಬಿಡಲಾಯಿತು. ಸುರುಳಿ ತಂತಿಗಳನ್ನು ಇಟ್ಟು ಸಡಿಲ ಶ್ವಾಸಕೋಶವನ್ನು ಬಿಗಿ ಮಾಡುವ ವಿಧಾನದ ದೊಡ್ಡ ಅಧ್ಯಯನ 2016ರಲ್ಲಿ ಬಂತು. ನಡಿಗೆಯಲ್ಲಿ ಸಿಕ್ಕ ಲಾಭ ಸುಮಾರು 15 ಮೀಟರ್ ಮಾತ್ರ. ಬಿಸಿ ಹಬೆಯಿಂದ ಕೆಟ್ಟ ಭಾಗವನ್ನು ಕುಗ್ಗಿಸುವ ಪ್ರಯತ್ನಗಳೂ ನಡೆದಿವೆ.

ಶಸ್ತ್ರವೈದ್ಯರೂ ಸುಮ್ಮನೆ ಕೂರಲಿಲ್ಲ. ಎದೆಯನ್ನು ಅಗಲವಾಗಿ ತೆರೆಯುವ ಬದಲು ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಇಳಿಸಿ ಅದೇ ಶಸ್ತ್ರಕ್ರಿಯೆಯನ್ನು ಮಾಡತೊಡಗಿದರು. ಈ ವಿಧಾನ ಮೇಲೋ, ವಾಲ್ವು ಮೇಲೋ ಎಂದು ಬ್ರಿಟನ್ನಿನಲ್ಲಿ 88 ರೋಗಿಗಳ ಮೇಲೆ ನಡೆದ ಹೋಲಿಕೆಯ ವರದಿ 2023ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಒಂದು ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. ಬ್ರಾಂಟಿಗನ್ನರ ಕಾಲದಿಂದ ಇಲ್ಲಿಯವರೆಗೆ ಬಂದ ದೂರವನ್ನು ಯೋಚಿಸಿ ನೋಡಿ.

ನಮಗೆ ಇದರಿಂದ ಪಾಠವೇನು?

ಸ್ನೇಹಿತರೇ, ಇದು ಪರದೇಶದ ಕಥೆ, ನಮಗೇಕೆ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರು ಸಿಒಪಿಡಿಯಿಂದ ಸತ್ತರು. ಭಾರತದಲ್ಲಿ 2016ರಲ್ಲಿ ಸುಮಾರು ಐದೂವರೆ ಕೋಟಿ ಜನರಿಗೆ ಈ ರೋಗವಿತ್ತೆಂದು ಅಂದಾಜು. 1990ರಲ್ಲಿ ಇದ್ದದ್ದಕ್ಕಿಂತ ಇದು ಹೆಚ್ಚುಕಡಿಮೆ ಎರಡರಷ್ಟು. ಬೀಡಿ ಸೇದುವವರು ಮಾತ್ರವಲ್ಲ, ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ನಮ್ಮ ಅಮ್ಮಿ, ನಾನಿ, ದಾದಿಯರೂ ಇದಕ್ಕೆ ಬಲಿಯಾಗುತ್ತಾರೆ. ವಯಸ್ಸಾಯಿತು, ಅದಕ್ಕೇ ದಮ್ಮು ಎಂದು ನಾವು ಕಡೆಗಣಿಸುತ್ತೇವೆ. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿದ ಕೂಲಿಯಿಂದಲೇ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಬೆರಳುಗಳಿಗೆ ಗೌರವ ಸಲ್ಲಬೇಕು. ಆ ಬೀಡಿ ಸುಟ್ಟು ಹಾಕುವ ಶ್ವಾಸಕೋಶಗಳ ಬಗ್ಗೆಯೂ ನಾವು ಮಾತನಾಡಬೇಕು. ಆ ತಾಯಂದಿರ ಮಕ್ಕಳಿಗೆ ಬೇರೆ ದುಡಿಮೆಯ ದಾರಿ ತೋರಿಸುವುದು ನಮ್ಮ ಸಂಘದಂಥ ಶಿಕ್ಷಣ ಸಂಸ್ಥೆಗಳ ಹೊಣೆ.

ವಾಲ್ವಿನ ಚಿಕಿತ್ಸೆ ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆ. ಆದರೆ ಅದು ದುಬಾರಿ, ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ, ರೋಗವನ್ನು ಬುಡಸಮೇತ ಕೀಳುವುದೂ ಇಲ್ಲ. ಬೀಡಿ ಸಿಗರೇಟು ಬಿಟ್ಟು, ಇನ್‌ಹೇಲರನ್ನು ಸರಿಯಾಗಿ ಬಳಸಿ, ಉಸಿರಾಟದ ವ್ಯಾಯಾಮ ಮಾಡಿದ ಮೇಲೂ ಏದುಸಿರು ನಿಲ್ಲದವರಲ್ಲಿ ಆಯ್ದ ಕೆಲವರಿಗೆ ಮಾತ್ರ ಅದು. ಹಾಗಾಗಿ ಮೊದಲ ಹೆಜ್ಜೆ ಅಗ್ಗದ್ದೇ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಿರಿಯರಿದ್ದರೆ ಸ್ಪೈರೋಮೀಟರ್ ಪರೀಕ್ಷೆ ಮಾಡಿಸಿ. ಇನ್‌ಹೇಲರ್ ಎಂದರೆ ಕೊನೆಯ ಸ್ಥಿತಿ, ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ತಪ್ಪು ಕಲ್ಪನೆಯನ್ನು ಬಿಡಿಸಿ. ಒಲೆಯ ಹೊಗೆ ಹೊರಹೋಗಲು ದಾರಿ ಮಾಡಿ.

'ಒಂದೇ ವಾರದಲ್ಲಿ ದಮ್ಮು ಮಾಯ' ಎಂಬ ಜಾಹೀರಾತು ಕಂಡಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ? ಈ ಮದ್ದು ಪಡೆಯದವರೊಡನೆ ಹೋಲಿಸಿದ್ದೀರಾ? ಯಾರಿಗೆ ಹಾನಿಯಾಯಿತು? ಕೂಪರ್ ಅವರಂಥ ನಿಪುಣರ ಚಿಕಿತ್ಸೆಗೇ ಈ ಪ್ರಶ್ನೆಗಳನ್ನು ಕೇಳಲಾಯಿತು. ಹಾಗೆ ಕೇಳಿದ್ದರಿಂದಲೇ ಎಷ್ಟೋ ಜೀವಗಳು ಉಳಿದವು. ಆಡಿನ ಗಾಯ ಮಾಯುವವರೆಗೆ ಕಾದು ಕುಳಿತ ಇಬ್ನ್ ಝುಹ್ರ್ ಅವರ ಪರಂಪರೆ ನಮ್ಮದೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆಗೆ ಅರ್ಥ ಬರುವುದು ನಮ್ಮ ಮಕ್ಕಳು ಪ್ರಯೋಗಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಅದೇ ತಾಳ್ಮೆಯಿಂದ ಕೆಲಸ ಮಾಡಿದಾಗ ಮಾತ್ರ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಬ್ಬರು ವೈದ್ಯರಾಗಬಹುದು, ಒಬ್ಬರು ಗಾಜಿನ ಎಳೆಯಲ್ಲಿ ಬೆಳಕನ್ನು ಬಾಗಿಸಬಹುದು, ಒಬ್ಬರು ಅಂಕಿಗಳಲ್ಲಿ ಅಡಗಿದ ಸತ್ಯವನ್ನು ಹೊರತೆಗೆಯಬಹುದು. ಈ ಚರಿತ್ರೆಗೆ ಮೂವರೂ ಬೇಕಾಗಿದ್ದರು. ದಮ್ಮಿದ್ದರೆ ಹೊಗೆಯ ದಮ್ಮನ್ನು ಇಂದೇ ಬಿಡಿ, ಕಲಿಕೆಯ ದಮ್ಮನ್ನು ಹಿಡಿಯಿರಿ. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ, ಉಪಯುಕ್ತ ಜ್ಞಾನವನ್ನೂ ಕರುಣಿಸಲಿ. ಆಮೀನ್.